ಕರೆಂಟು ಹೋಗದ ಊರು

ಹೊನ್ನಾವರದ ಪಕ್ಕದ ಕಾಸರಕೋಡಿನ ದಿನಕರ ದುಬೈಯಲ್ಲಿದ್ದಾನೆ ಎನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ. ಅಲ್ಲಿ ಎಂತ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಮಾತ್ರ ಪುರಾಣ ಶುರುವಾಗುತ್ತಿತ್ತು. ಅವನ ತಾಯಿ ಮಾದೇವಿ ‘ದೊಡ್ಡ ಕಂಪನಿ’ ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದಳು. ಅವನೇ ಫೋನಿನಲ್ಲಿ ಸಿಕ್ಕರೆ, ಕಂಪನಿಗಿಂಪನಿ ಎಲ್ಲ ಹಳೇ ಕಾಲದವರಿಗೆ, ತಾನು ಯಾರ ಆಳೂ ಅಲ್ಲ, ಲ್ಯಾಪ್‌ಟಾಪು ಎಲ್ಲಿ ತೆರೆಯುತ್ತೇನೋ ಅದೇ ತನ್ನ ಆಫೀಸು ಎನ್ನುತ್ತಿದ್ದ. ಹಾಗೆ ಬದುಕುವವರನ್ನು ಇಂಗ್ಲಿಷಿನಲ್ಲಿ ಡಿಜಿಟಲ್ ನೋಮ್ಯಾಡ್ ಎನ್ನುತ್ತಾರೆ ಎಂದು ಅವನಿಗೆ ಹೇಳಿಕೊಟ್ಟವಳು ಅವನ ಹೆಂಡತಿ ಪ್ರಣಿತಾ. ನೋಮ್ಯಾಡ್ ಎಂದರೆ ಕನ್ನಡದಲ್ಲಿ ಅಲೆಮಾರಿ ಎಂದೂ ಹೇಳಿಕೊಟ್ಟಿದ್ದಳು. ಅದನ್ನು ಮಾತ್ರ ಅವನು ಎಲ್ಲೂ ಹೇಳಿಕೊಳ್ಳಲಿಲ್ಲ.

ಅವನು ಎಂತ ಮಾಡುತ್ತಾನೆ ಎಂದು ಸರಿಯಾಗಿ ಗೊತ್ತಿದ್ದದ್ದು ಪ್ರಣಿತಾ ಒಬ್ಬಳಿಗೇ. ಯಾಕೆಂದರೆ ಮಾಡುತ್ತಿದ್ದವಳು ಅವಳೇ.

ದಿನಕರ ಕುಮಟೆಯಲ್ಲಿ ಬಿ.ಕಾಂ. ಮುಗಿಸಿ ದುಬೈಯ ಒಂದು ಟೈಲ್ಸ್ ಗೋದಾಮಿಗೆ ಬಿಲ್ಲು ಬರೆಯಲು ಹೋದವನು. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಮ್ಯಾನೇಜರನ ಜೊತೆ ಜಗಳ ತೆಗೆದ. ಮ್ಯಾನೇಜರು ಕತ್ತು ಹಿಡಿದು ಹೊರಗೆ ದಬ್ಬಿದ. ಹೆಂಡತಿಗೆ ‘ನಾನೇ ಬಿಟ್ಟೆ’ ಎಂದ. ತಾಯಿಗೆ ಅಷ್ಟನ್ನೂ ಹೇಳಲಿಲ್ಲ. ಊರಿಗೆ ಬಂದರೆ ಮೀನುಪೇಟೆಯಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ಹೆದರಿ, ವಿಸಿಟ್ ವೀಸಾದ ಮೇಲೆ ಅಲ್ಲೇ ಉಳಿದ. ದೇರಾ ಎಂಬ ಹಳೇ ಪೇಟೆಯ ಒಂದು ಕೋಣೆಯಲ್ಲಿ, ಒಂದರ ಮೇಲೊಂದು ಇಟ್ಟ ಮಂಚಗಳ ಮೇಲಿನ ಅಟ್ಟದಲ್ಲಿ ಮಲಗುತ್ತಿದ್ದ. ಹಗಲಿಡೀ ಎ.ಸಿ. ತಂಪಿಗೆಂದು ಮಾಲ್‌ಗಳಲ್ಲಿ ಕೂತಿರುತ್ತಿದ್ದ. ಹಾಗೆ ಕೂತಲ್ಲೇ ಒಂದು ದಿನ ಅವನಿಗೆ ಕ್ಲೇರ್ ಎಂಬವಳ ಜಾಹೀರಾತು ಸಿಕ್ಕಿತು.

ಕ್ಲೇರ್ ಲಂಡನ್ನಿನವಳು. ದೇಶದೇಶ ಸುತ್ತುತ್ತ ಲ್ಯಾಪ್‌ಟಾಪಿನಲ್ಲೇ ಹೊಟ್ಟೆ ಹೊರೆಯುವವರಿಗಾಗಿ ಒಂದು ವೆಬ್‌ಸೈಟು ನಡೆಸುತ್ತಿದ್ದಳು. ದುಬೈಯಲ್ಲಿ ಹಾಗೆ ಬದುಕುತ್ತಿರುವ ಒಬ್ಬರು ವಾರಕ್ಕೊಂದು ಅಂಕಣ ಬರೆಯಬೇಕಿತ್ತು. ಯಾವ ರಸ್ತೆಯಲ್ಲಿ ಕೋಣೆ ಅಗ್ಗ, ಯಾವ ಹೋಟೆಲಿನಲ್ಲಿ ಒಂದೇ ಚಹಾ ಕುಡಿದು ಅರ್ಧ ದಿನ ಕೂತರೂ ಎಬ್ಬಿಸುವುದಿಲ್ಲ, ಇಂಥದ್ದೆಲ್ಲ. ಮಾದರಿಗೆ ಒಂದು ಬರಹ ಕಳಿಸು ಎಂದಳು. ದಿನಕರನ ಬಿಲ್ಲಿನ ಇಂಗ್ಲಿಷು ಎರಡನೇ ಸಾಲಿಗೇ ಏದುಸಿರು ಬಿಟ್ಟಿತು. ಮನೆಗೆ ಫೋನು ಮಾಡಿದ.

ಪ್ರಣಿತಾಳದು ಧಾರವಾಡದಲ್ಲಿ ಇಂಗ್ಲಿಷು ಎಂ.ಎ. ಮದುವೆಗೆ ಮುಂಚಿನಿಂದ ಕುಮಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಬೆಳಗಿನ ಬಸ್ಸಿಗೆ ಸೊಸೆ ಹೊರಟುಹೋದರೆ ಅಡುಗೆಗೆ ಯಾರು ಎಂದು ಅತ್ತೆ ಮುಖ ಸಿಂಡರಿಸಿದ ಮೇಲೆ ಅದು ನಿಂತಿತ್ತು. ಹೀಗೆ ಓದಿದ್ದೆಲ್ಲ ಒಳಗೇ ಕೊಳೆಯುತ್ತಿದ್ದಾಗ ಈ ಫೋನು ಬಂತು. ಒಂದೇ ಮಧ್ಯಾಹ್ನ ಕೂತು ಬರೆದುಕೊಟ್ಟಳು. ದುಬೈಯನ್ನು ಅವಳು ಕಂಡವಳಲ್ಲ. ಆದರೆ ಭಟ್ಕಳ ಅವಳ ತವರು. ಭಟ್ಕಳದಲ್ಲಿ ಹುಟ್ಟಿದವರಿಗೆ ದುಬೈಯೆಂದರೆ ಪಕ್ಕದ ಕೇರಿ. ಕಾಲೇಜಿನಲ್ಲಿ ಜೊತೆಗೆ ಓದಿದ ಜುಲೇಖಾ ಮದುವೆಯಾಗಿ ಬಹಳ ವರ್ಷ ದುಬೈಯಲ್ಲೇ ಸಂಸಾರ ಮಾಡಿ, ಮಕ್ಕಳ ಶಾಲೆಗೆಂದು ಈಗ ಭಟ್ಕಳದ ಪಕ್ಕದ ಜಾಲಿಗೆ ಬಂದು ಕೂತಿದ್ದಳು. ಪ್ರಣಿತಾ ತಿಂಗಳಿಗೊಮ್ಮೆ ತವರಿಗೆಂದು ಹೊರಟು ಜಾಲಿಯಲ್ಲಿ ಇಳಿಯುತ್ತಿದ್ದಳು. ಜುಲೇಖಾ ತರಿ ಪಾಯಸ ಕೊಟ್ಟು, ಅಲ್ಲಿನ ದೋಣಿಕಟ್ಟೆಯ ವಾಸನೆಯಿಂದ ಹಿಡಿದು ಲಿಫ್ಟಿನಲ್ಲಿ ಯಾರು ಯಾರಿಗೆ ದಾರಿ ಬಿಡುತ್ತಾರೆ ಎನ್ನುವವರೆಗೆ ಎಲ್ಲ ಹೇಳುತ್ತಿದ್ದಳು. ಅಲ್ಲಿರುವಷ್ಟು ಕಾಲ ಒಮ್ಮೆಯೂ ಕರೆಂಟು ಹೋದದ್ದನ್ನು ತಾನು ನೋಡಲಿಲ್ಲವಂತೆ. ಜಾಲಿಗೆ ಬಂದ ಮೊದಲ ಸಂಜೆ ದೀಪ ಹೋದಾಗ ಮಕ್ಕಳು ಕಣ್ಣೇ ಹೋಯಿತೆಂದು ಚೀರಿಕೊಂಡವಂತೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕಿದ್ದರು.

ದಿನಕರ ಮಾತ್ರ ಉಪಯೋಗಕ್ಕೆ ಬರುವ ಒಂದು ಮಾತನ್ನೂ ಆ ಊರಿನ ಬಗ್ಗೆ ಹೇಳಿದವನಲ್ಲ. ಹೇಗಿದೆ ಎಂದು ಕೇಳಿದರೆ ‘ಸೆಕೆ’ ಎನ್ನುತ್ತಿದ್ದ. ಮತ್ತೆ ಎಂದರೆ ‘ಎಂತ ಮತ್ತೆ? ಬಿಲ್ಡಿಂಗು’ ಎನ್ನುತ್ತಿದ್ದ. ಇಷ್ಟು ವರ್ಷ ಒಂದು ಊರಿನಲ್ಲಿದ್ದು ಸೆಕೆ ಮತ್ತು ಬಿಲ್ಡಿಂಗು ಎರಡನ್ನೇ ಕಂಡ ಮನುಷ್ಯನ ಹೆಸರಿನಲ್ಲಿ ಅವಳು ಪ್ರತಿ ವಾರ ಆ ಊರನ್ನು ಕಟ್ಟಿ ನಿಲ್ಲಿಸಬೇಕಿತ್ತು. ಅವನ ಅಟ್ಟದ ಮಂಚ ಅವಳ ಕೈಯಲ್ಲಿ ‘ಬೇಕಾದಷ್ಟನ್ನೇ ಇಟ್ಟುಕೊಂಡು ಬದುಕುವ ಕಲೆ’ಯಾಯಿತು. ವೀಸಾ ಮುಗಿದಾಗಲೆಲ್ಲ ಹೊಸತು ಬರುವ ತನಕ ಅವನು ಇರಾನಿನ ಕಿಶ್ ಎಂಬ ದ್ವೀಪಕ್ಕೆ ಹೋಗಿ, ತನ್ನಂಥವರೇ ತುಂಬಿದ ಕೊಳಕು ಲಾಡ್ಜಿನಲ್ಲಿ ತಿಗಣೆ ಹೊಸಕುತ್ತ ಬಿದ್ದಿರಬೇಕಿತ್ತು. ಅದು ‘ವಾರಾಂತ್ಯದ ದ್ವೀಪವಾಸ’ವಾಯಿತು. ಅದನ್ನು ಓದಿ ಡೆನ್ಮಾರ್ಕಿನವನೊಬ್ಬ ತಾನೂ ಆ ದ್ವೀಪಕ್ಕೆ ಹೊರಟಿದ್ದೇನೆ ಎಂದು ಬರೆದ. ಪಾಪ, ಅವನಿಗೆ ತಿಗಣೆಯ ವಿಷಯ ತಿಳಿಸುವವರು ಯಾರೂ ಇರಲಿಲ್ಲ.

ಹೊಗಳಿಕೆಯ ಮೇಲ್‌ಗಳೆಲ್ಲ ದಿನಕರನ ವಿಳಾಸಕ್ಕೆ ಬರುತ್ತಿದ್ದವು. ಆ ವಿಳಾಸದ ಕೀಲಿಯಿದ್ದದ್ದು ಪ್ರಣಿತಾಳಲ್ಲಿ. ಎಂಥ ಕಣ್ಣು ನಿನ್ನದು ದಿನಕರ್, ಎಂದು ಯಾರೋ ಬರೆಯುತ್ತಿದ್ದರು. ಅವಳು ಅದನ್ನು ಎರಡು ಸಲ ಓದಿ, ದಿನಕರ್ ಆಗಿಯೇ ಉತ್ತರ ಬರೆದು, ಎದ್ದು ಸಾರಿಗೆ ಕಾಯಿ ಕಡೆಯಲು ಹೋಗುತ್ತಿದ್ದಳು. ಖುಷಿ ಆಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯುತ್ತಿರಲಿಲ್ಲ ಎಂದರೆ ಇನ್ನೂ ದೊಡ್ಡ ಸುಳ್ಳು. ಅವನಾದರೂ ಒಮ್ಮೆ ಓದಿ ಹೇಳಿದ್ದರೆ ಆ ಉರಿ ಎಷ್ಟೋ ಇಳಿಯುತ್ತಿತ್ತು. ‘ಈ ವಾರದ್ದು ಹೇಗಿತ್ತು?’ ಎಂದರೆ ‘ಚಲೋ ಇತ್ತು’ ಎನ್ನುತ್ತಿದ್ದ. ಒಂದು ಸಲ ಅವಳು ಬರೆದೇ ಇರದ ಕ್ಷೌರದಂಗಡಿಯ ಅಂಕಣ ಹೇಗಿತ್ತು ಎಂದು ಕೇಳಿದಳು. ಅದೂ ಚಲೋ ಇತ್ತಂತೆ. ಅವನ ಮೇಲೆ ಅವಳಿಗಿದ್ದ ಗೌರವದಲ್ಲಿ ಉಳಿದಿದ್ದ ಚೂರುಪಾರು ಅವತ್ತೇ ಖಾಲಿಯಾಯಿತು. ಕಳ್ಳನಾದರೂ ಕದ್ದ ಮಾಲನ್ನು ಬಿಚ್ಚಿ ನೋಡುತ್ತಾನೆ. ಇವನಿಗೆ ಅಷ್ಟು ಆಸ್ಥೆಯೂ ಇರಲಿಲ್ಲ.

ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ ಕ್ಲೇರ್ ಈ ಅಂಕಣಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುತ್ತೇನೆ ಎಂದಳು. ಅಚ್ಚಿನ ಪುಸ್ತಕ, ರಟ್ಟಿನ ಮೇಲೆ ಲೇಖಕನ ಹೆಸರು, ಹಿಂದೆ ಫೋಟೋ. ಕೊನೆಗೆ ಹೊಸದಾಗಿ ಒಂದು ಅಧ್ಯಾಯ ಬೇಕು ಎಂದಳು. ದಿನಕರ ಯಾರದ್ದೋ ಕಪ್ಪು ಕನ್ನಡಕ ಕಡ ತಂದು, ಸಮುದ್ರದ ಎದುರು ಕೈಕಟ್ಟಿ ನಿಂತು ಫೋಟೋ ತೆಗೆಸಿ ಕಳಿಸಿದ. ಅದನ್ನು ಕಂಡು ಪ್ರಣಿತಾಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಎಂದೂ ಎಂತದನ್ನೂ ಕೇಳದವಳು ಅವತ್ತು ಫೋನಿನಲ್ಲಿ ಬಾಯಿಬಿಟ್ಟು ಕೇಳಿದಳು.

“ಪುಸ್ತಕದಲ್ಲಿ ನಂದೂ ಹೆಸರು ಹಾಕ್ಸಿ. ನಿಮ್ಮ ಹೆಸ್ರಿನ ಕೆಳಗೇ ಇರ್ಲಿ.”

“ಮರ್ಳಾ ನಿಂಗೆ? ಹೊನ್ನಾವರದಲ್ಲಿ ಕೂತ್ಕಂಡು ದುಬೈ ಬರ್ದದ್ದು ಅಂತ ಜನ ನಗ್ತ್ರು.”

ಹಾಗಾದರೆ ಒಳಗೆ ಎಲ್ಲಾದರೂ ಒಂದು ಸಾಲಿನಲ್ಲಿ, ಹೆಂಡತಿ ಪ್ರಣಿತಾಳ ಸಹಾಯದಿಂದ ಎಂದಾದರೂ ಹಾಕಿಸಿ ಎಂದಳು. ಅವನು ಅದಕ್ಕೂ ನಕ್ಕ. ನಾನು ಬೇರೆ, ನೀನು ಬೇರೆಯಾ ಎಂದು ಕೇಳಿದ. ಕೇಳಲು ಎಷ್ಟು ಚಂದದ ಮಾತು. ಫೋಟೋಕ್ಕೆ ನಿಲ್ಲುವಾಗ ಮಾತ್ರ ಬೇರೆ, ಬರೆಯುವಾಗ ಒಂದೇ.

ಜೂನ್ ಬಂತು. ಗೇರುಸೊಪ್ಪದಲ್ಲಿ ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿ ಕರೆಂಟು ತೆಗೆದು ಯಾರ್ಯಾರಿಗೋ ಕಳಿಸುತ್ತಾರೆ. ಕಾಸರಕೋಡಿಗೆ ಮಳೆಯ ಮೊದಲ ಗಾಳಿ ಸಾಕು, ಕತ್ತಲೆ. ಆ ಸಲ ಹಲಸಿನ ಮರವೇ ತಂತಿಯ ಮೇಲೆ ಬಿದ್ದು ದಿನಗಟ್ಟಲೆ ಕರೆಂಟಿರಲಿಲ್ಲ. ಕಂಪ್ಯೂಟರು ಸತ್ತು ಬಿದ್ದಿತ್ತು, ಕೊನೆಯ ಅಧ್ಯಾಯ ಅದರ ಹೊಟ್ಟೆಯೊಳಗಿತ್ತು. ದಿನಕರ ಫೋನು ಮಾಡಿದಾಗ ಮಾದೇವಿಯೇ ಎತ್ತಿ ಮರ ಬಿದ್ದ ಕತೆಯನ್ನು ಕೊಂಬೆಕೊಂಬೆಯಾಗಿ ಹೇಳಿದಳು.

ಈಗ ಒಂದು ಮಾತು ಹೇಳಬೇಕು. ನಮ್ಮ ಕಡೆ ‘ಕರೆಂಟಿಲ್ಲ’ ಎಂದರೆ ಅದರ ಮೇಲೆ ಇನ್ನೊಂದು ಪ್ರಶ್ನೆ ಇಲ್ಲ. ಬ್ಯಾಂಕಿನವನು ಹೇಳಲಿ, ಹಿಟ್ಟಿನ ಗಿರಣಿಯವನು ಹೇಳಲಿ, ತಾಲೂಕು ಕಚೇರಿಯವನು ಕೈಚೀಲ ಹೆಗಲಿಗೇರಿಸಿ ಹೊರಟವನೇ ಹೇಳಲಿ, ಕೇಳಿದವನು ಕೊಡೆ ಬಿಚ್ಚಿ ಮನೆಗೆ ಹೋಗುತ್ತಾನೆ. ಹೊನ್ನಾವರದಲ್ಲಿ ಬೆಳೆದ ಬಾಯಿಗೆ ಅದು ಉಗುಳು ನುಂಗಿದಷ್ಟೇ ಸಲೀಸು. ಆದ್ದರಿಂದ ಕ್ಲೇರ್ ನೇರ ಅವನ ದುಬೈಯ ಮೊಬೈಲಿಗೇ ಫೋನು ಮಾಡಿ ಅಧ್ಯಾಯ ಎಲ್ಲಿ ಎಂದು ಕೇಳಿದಾಗ, ದಿನಕರ ಒಂದು ಗಳಿಗೆಯೂ ತಡಮಾಡದೆ, ಕರೆಂಟಿಲ್ಲ ಮೇಡಂ, ಜೋರು ಮಳೆ, ಲೈನಿನ ಮೇಲೆ ಮರ ಬಿದ್ದಿದೆ ಎಂದುಬಿಟ್ಟ. ದುಬೈಯಲ್ಲಿಯೇ ಎಂದು ಅವಳು ಕೇಳಿದಳಂತೆ. ಹೌದು ಮೇಡಂ, ಫುಲ್ ರೈನ್ ಎಂದನಂತೆ. ಇಷ್ಟನ್ನೂ ಅವನೇ ಸಂಜೆ ಹೆಂಡತಿಗೆ ಹೇಳಿದ, ಹೇಗೆ ಸಂಭಾಳಿಸಿದೆ ನೋಡು ಎನ್ನುವ ಗತ್ತಿನಲ್ಲಿ.

ಪ್ರಣಿತಾಗೆ ನಗು ತಡೆಯಲಾಗಲಿಲ್ಲ. ಮಳೆ ಹನಿಗೇ ಗತಿಯಿಲ್ಲದ ಊರು, ಜುಲೇಖಾಳ ಮಕ್ಕಳಿಗೆ ಕತ್ತಲೆಯೆಂದರೆ ಏನೆಂದೇ ಗೊತ್ತಿರದ ಊರು. ಅಲ್ಲಿ ಮಧ್ಯ ಬೇಸಿಗೆಯಲ್ಲಿ ಇವನು ಹಲಸಿನ ಮರ ಬೀಳಿಸಿ ಬಂದಿದ್ದ. ನಕ್ಕು ನಕ್ಕು ಸುಸ್ತಾದ ಮೇಲೆ ಅವಳಿಗೆ ಸಿಟ್ಟು ಬಂತು. ಎಷ್ಟೋ ತಿಂಗಳು ಜಾಲಿಗೆ ಅಲೆದು, ಒಂದೊಂದು ಬೀದಿಯ ತಿರುವನ್ನೂ ತಪ್ಪಿಲ್ಲದೆ ಕಟ್ಟಿದ ಊರನ್ನು ಈ ಬೆಪ್ಪುತಕ್ಕಡಿ ಒಂದೇ ಮಾತಿನಲ್ಲಿ ಕೆಡವಿದ್ದ.

ಕರೆಂಟು ಬಂದ ದಿನ ಮೇಲ್ ತೆರೆದರೆ ಕ್ಲೇರ್‌ಳ ಪತ್ರವಿತ್ತು. ಬಹಳ ನಯವಾಗಿ ಬರೆದಿದ್ದಳು. ಸಿಂಗಾಪುರಕ್ಕೆ ಹೋಗುವ ದಾರಿಯಲ್ಲಿ ದುಬೈಯಲ್ಲಿ ಇಳಿಯುತ್ತೇನೆ, ನೀನೇ ಬರೆದಿದ್ದ ಆ ದೋಣಿಕಟ್ಟೆಯ ಹೋಟೆಲಿನಲ್ಲಿ ಸಿಗೋಣ, ಲ್ಯಾಪ್‌ಟಾಪು ತಾ, ಕೊನೆಯ ಅಧ್ಯಾಯವನ್ನು ಅಲ್ಲೇ ಕೂತು ಬರೆದುಕೊಡು, ಮಳೆ ಬಾರದಿದ್ದರೆ. ಆ ಕೊನೆಯ ಮಾತು ಓದಿ, ಈ ಹೆಂಗಸಿಗೆ ಎಲ್ಲ ಗೊತ್ತಾಗಿದೆ ಎಂದು ಪ್ರಣಿತಾಗೆ ತಿಳಿದುಹೋಯಿತು. ದಿನಕರನಿಗೆ ಓದಿ ಹೇಳಿದಳು. ಮಳೆ ಎಲ್ಲಿ ಬರ್ತದೆ ಇಲ್ಲಿ, ಎಂದು ಅವನು ನಿಶ್ಚಿಂತೆಯಿಂದ ಹೇಳಿದ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹಾಡು ಕೇಳುವವನ ಹಾಗೆ ಕೂರುತ್ತೇನೆ, ನೀನು ಫೋನಿನಲ್ಲಿ ಹೇಳುತ್ತ ಹೋಗು, ನಾನು ಕುಟ್ಟುತ್ತ ಹೋಗುತ್ತೇನೆ ಎಂದ. ಬಿಲ್ಲು ಕುಟ್ಟಿ ಕುಟ್ಟಿ ಬೆರಳು ಪಳಗಿದೆ ಎಂದು ಹೆಮ್ಮೆಯನ್ನೂ ಪಟ್ಟ.

ಆ ದಿನ ಮಧ್ಯಾಹ್ನ ಕಾಸರಕೋಡಿನಲ್ಲಿ ಮತ್ತೆ ಕರೆಂಟಿರಲಿಲ್ಲ. ಪ್ರಣಿತಾ ಜಗಲಿಯ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಮಾದೇವಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಫೋನು ಬಂತು. ಕ್ಲೇರ್ ಬಂದಿದ್ದಾಳಂತೆ, ಕೈಕುಲುಕಿದಳಂತೆ, ನೀನು ಬರೆಯುತ್ತಿರು, ನಾನು ಪಕ್ಕದ ಅಂಗಡಿಸಾಲಿಗೆ ಹೋಗಿ ಬರುತ್ತೇನೆ ಎಂದು ಎದ್ದುಹೋದಳಂತೆ.

“ಬೇಗ ಹೇಳು,” ಎಂದ ದಿನಕರ. “ಅದು ಬರೂದ್ರೊಳಗೆ ಮುಗೀಬೇಕು.”

“ಹೇಳ್ತೆ. ಅದಕ್ಕೆ ಮೊದ್ಲು ಒಂದು ಮಾತು. ಪುಸ್ತಕದಲ್ಲಿ ನನ್ನ ಹೆಸ್ರು?”

“ಈಗೆಂತಕ್ಕೆ ಆ ರಗಳೆ ತೆಗಿತೆ ಮಾರಾಯ್ತಿ? ಸುಮ್ನೆ ಹೇಳು.”

ಅವಳು ಹೇಳತೊಡಗಿದಳು. ಮೊದಲು ನೀರು, ದೋಣಿ, ದಡದ ಚಹಾ. ಅವನು ಕುಟ್ಟುವ ಸದ್ದು ಕೇಳುತ್ತಿತ್ತು. ಆಮೇಲೆ ಸುಮ್ಮನೆ ಪರೀಕ್ಷೆಗೆಂದು, ಈ ನಗರದ ಮಾಲ್‌ಗಳಲ್ಲಿ ಎಮ್ಮೆಗಳನ್ನು ಮೀಯಿಸಲು ಪ್ರತ್ಯೇಕ ಕೊಳಗಳಿವೆ ಎಂದು ಒಂದು ವಾಕ್ಯ ಸೇರಿಸಿದಳು. ಒಂದು ಕಣ್ಣು ಕೀಲಿಮಣೆಯ ಮೇಲೆ, ಇನ್ನೊಂದು ಬಾಗಿಲ ಮೇಲೆ ಇಟ್ಟು ಕುಟ್ಟುವವನಿಗೆ ಎಮ್ಮೆಯೂ ಒಂದೇ, ದೋಣಿಯೂ ಒಂದೇ. ಅದನ್ನೂ ಕುಟ್ಟಿ, “ಮುಂದೆ?” ಎಂದ.

ಪ್ರಣಿತಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಆಮೇಲೆ, ತನ್ನ ಎಂ.ಎ.ಯ ತಳದಲ್ಲಿ ಎಲ್ಲೋ ಮುಗ್ಗಿ ಬಿದ್ದಿದ್ದ, ಬಿಲ್ಲಿನಲ್ಲಿ ಯಾರೂ ಎಂದೂ ಬರೆಯದ ಭಾರದ ಶಬ್ದಗಳನ್ನೆಲ್ಲ ಒಂದೊಂದಾಗಿ ಎತ್ತಿ, ಕಷ್ಟದವನ್ನು ಅಕ್ಷರ ಬಿಡಿಸಿ ಹೇಳುತ್ತ ಹೋದಳು. ಅವಳ ಇಂಗ್ಲಿಷನ್ನು ಅದರ ಗತ್ತಿಗೆ ತಕ್ಕ ಕನ್ನಡದಲ್ಲಿ ಹೇಳಿದರೆ ಹೀಗಿತ್ತು: ‘ಈ ಅಭಿಧಾನದಡಿ ಪ್ರಕಟಗೊಂಡ ಸಮಸ್ತ ಲೇಖನಗಳ ಕರ್ತೃತ್ವವು ಇದರ ಉಪರಿಭಾಗದಲ್ಲಿ ನಾಮಾಂಕಿತನಾದ ವ್ಯಕ್ತಿಗೆ ಸಲ್ಲತಕ್ಕದ್ದಲ್ಲ. ಆತನ ಸಹಧರ್ಮಿಣಿಯು ಈ ಮಹಾನಗರವನ್ನು ಎಂದೂ ಅವಲೋಕಿಸದೆ, ಶರಾವತಿಯ ತೀರದಲ್ಲಿ ಆಸೀನಳಾಗಿ ಇವನ್ನು ವಿರಚಿಸಿರುತ್ತಾಳೆ. ಪ್ರಸ್ತುತ ವಾಕ್ಯವೂ ಆಕೆಯ ಉಕ್ತಲೇಖನವೇ ಆಗಿದ್ದು, ಲಿಪಿಕಾರನು ತಾತ್ಪರ್ಯವನ್ನು ಗ್ರಹಿಸದೆಯೇ ನಕಲಿಸುತ್ತಿದ್ದಾನೆ. ಆಕೆಯ ನಾಮಧೇಯ’...

ಅಲ್ಲಿಗೆ ಬಂದು ಅವಳು ಅನುಮಾನಿಸಿದಳು. ಉಳಿದದ್ದು ಹೇಗಾದರೂ ದಾಟಬಹುದು. ಇದೊಂದು ಶಬ್ದ ಅವನಿಗೆ ಗೊತ್ತಾಗದೇ ಇರುತ್ತದೆಯೇ? ಇಲ್ಲಿಗೇ ನಿಲ್ಲಿಸಿದರೂ ಕ್ಲೇರ್‌ಗೆ ಸತ್ಯ ತಿಳಿಯುತ್ತದೆ. ಆದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಬರೆದದ್ದು ಕೊನೆಗೆ ‘ಆತನ ಹೆಂಡತಿ’ ಎಂದು ಅನ್ನಿಸಿಕೊಳ್ಳುವುದಕ್ಕೇ? ತಡೆದು ತಡೆದು ಹೇಳಿದಳು. ಪಿ. ಆರ್. ಎ. ಎನ್. ಐ. ಟಿ. ಎಚ್. ಎ.

ಅತ್ತ ಒಂದೊಂದೇ ಕೀಲಿ ಸದ್ದು ಮಾಡಿತು. ಕೊನೆಯದೂ ಆಯಿತು.

“ಮುಂದೆ?” ಎಂದ ದಿನಕರ.

ಅವನು ಗುರುತಿಸಿ ಬೈದಿದ್ದರೆ ಪ್ರಣಿತಾಗೆ ಇಷ್ಟು ನೋವಾಗುತ್ತಿರಲಿಲ್ಲ.

“ಮುಂದೆ ಎಂತದೂ ಇಲ್ಲ. ಮುಗೀತು. ಕೊಡೂಕೆ ಮೊದ್ಲು ಒಂದ್ಸಲ ಓದಿ ನೋಡಿ.”

“ಓದೂದೆಂತಕ್ಕೆ? ನೀನೇ ಹೇಳಿದ್ದಲ್ಲ.”

“ಆದ್ರೂ ಓದಿ. ನಾನು ಹೇಳ್ತಾ ಇದ್ದೆ, ಒಂದ್ಸಲ ಓದಿ.”

“ಬಂತು ಬಂತು, ಅದು ಬಂತು. ಇಡ್ತೆ,” ಎಂದ. ಫೋನು ಇಡುವ ಮೊದಲು, ತಗೊಳ್ಳಿ ಮೇಡಂ, ಆತು, ಎಂದು ಅವನು ಸಡಗರದಿಂದ ಲ್ಯಾಪ್‌ಟಾಪು ತಿರುಗಿಸಿ ಕೊಡುವುದು ಕೇಳಿಸಿತು. ‘ಆತು’ ಎನ್ನುವುದನ್ನು ಕನ್ನಡದಲ್ಲೇ ಹೇಳಿದ.

ಅವಳು ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು ಮಳೆ ನೋಡುತ್ತ ಕೂತಳು. ಅಯ್ಯೋ ಎನಿಸಬೇಕಿತ್ತು, ಎನಿಸಲಿಲ್ಲ. ಕೈಗೆ ಕೆಲಸ ಬೇಕೆಂದು ಅತ್ತೆಯ ಮೊರದಿಂದ ನಾಲ್ಕು ಹಲಸಿನ ಬೀಜ ಎತ್ತಿಕೊಂಡು ಸುಲಿಯತೊಡಗಿದಳು.

“ಮಾಣಿಯೇನೇ ಫೋನಲ್ಲಿ?” ಎಂದು ಮಾದೇವಿ ತಲೆಯೆತ್ತದೆ ಕೇಳಿದಳು. “ಎಂತ ಅಂದ? ಯಾವಾಗ ಬತ್ತೆ ಅಂತ ಎಂತಾರೂ ಹೇಳಿದ್ನೋ ಇಲ್ವೋ?”

“ಅವ್ರು ಹೇಳ್ಲಿಲ್ಲ ಅತ್ತೆ,” ಎಂದಳು ಪ್ರಣಿತಾ. “ಆದ್ರೆ ಬತ್ರು. ಇನ್ನು ತಡ ಇಲ್ಲ.”